ಡಬ್ಬಿ ಬೇಡವೆಂದವಳು

ಬಿಳಿ ಕೋಟಿನ ಜೇಬು ಉಬ್ಬಿಕೊಂಡವರನ್ನು ಅವಳು ಮನುಷ್ಯರ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಹೆಂಗಸರ ವಾರ್ಡಿನ ಬಾಗಿಲಲ್ಲಿ ದೊಡ್ಡ ಡಾಕ್ಟರಿಗಾಗಿ ಕಾಯುತ್ತ ನಿಂತ ಆ ಬೆಳಿಗ್ಗೆಯೂ ಅವಳ ಕಣ್ಣು ಮೊದಲು ಹೋದದ್ದು ಜೇಬುಗಳ ಕಡೆಗೆ. ಎಲ್ಲವೂ ಉಬ್ಬಿದ್ದವು. ಅಂಗೈಯಗಲದ ಆ ಕಂಪ್ಯೂಟರನ್ನು ಮೆಡಿಕಲ್ ಕಾಲೇಜಿನಲ್ಲಿ ಎಲ್ಲರೂ ಡಬ್ಬಿ ಎನ್ನುತ್ತಿದ್ದರು. ಔಷಧಿಯ ಹೆಸರು ಒತ್ತಿದರೆ ಪ್ರಮಾಣ ಹೇಳುತ್ತಿತ್ತು, ರೋಗದ ಹೆಸರು ಒತ್ತಿದರೆ ಲಕ್ಷಣ ಹೇಳುತ್ತಿತ್ತು, ಏನೂ ಒತ್ತದಿದ್ದರೆ ಸುಮ್ಮನಿರುತ್ತಿತ್ತು. ಆ ಒಂದು ಗುಣವಾದರೂ ಅದರ ಒಡೆಯರಿಗೆ ಬಂದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವಳು ಅಂದುಕೊಳ್ಳುತ್ತಿದ್ದಳು. ಕಾಲೇಜು ಸೇರಿದ ದಿನದಿಂದ ಅವಳ ತರಗತಿಯವರಿಗೆ ಇದ್ದ ಚಿಂತೆ ಒಂದೇ, ಡಬ್ಬಿ ಯಾವಾಗ ತೆಗೆದುಕೊಳ್ಳುವುದು. ಮೊದಲ ವರ್ಷವೇ ತೆಗೆದುಕೊಂಡರೆ ಹೆಣ ಕೊಯ್ಯುವ ಕೋಣೆಯ ಜಿಡ್ಡುಗೈಯಲ್ಲಿ ಹಾಳಾಗುತ್ತದೆ. ಎರಡನೆಯ ವರ್ಷ ತೆಗೆದುಕೊಂಡರೆ ವಾರ್ಡಿಗೆ ಬರುವ ಹೊತ್ತಿಗೆ ಹೊಸ ಮಾದರಿ ಬಂದು ಇದು ಹಳೆಯದಾಗಿರುತ್ತದೆ. ವಾರ್ಡಿಗೆ ಬಂದ ಮೇಲೆ ತೆಗೆದುಕೊಂಡರೆ ಒತ್ತಲು ಕಲಿಯುವಷ್ಟರಲ್ಲಿ ಪರೀಕ್ಷೆ ತಲೆಯ ಮೇಲೆ ಬಂದಿರುತ್ತದೆ. ಕ್ಯಾಂಟೀನಿನ ಮೇಜಿನ ಸುತ್ತ ಕೂತು ಮನೆ ಕಟ್ಟಲು ಹೊರಟವರ ಗಾಂಭೀರ್ಯದಲ್ಲಿ ಈ ವಿಚಾರ ನಡೆಯುತ್ತಿದ್ದಾಗ ಪಕ್ಕದ ಮೇಜಿನಲ್ಲಿ ಟೀ ಕುಡಿಯುತ್ತಿದ್ದ ಅವಳು, ಯಾರಿಗೆಂದಲ್ಲ, ಆದರೆ ಎಲ್ಲರಿಗೂ ಕೇಳುವ ಹಾಗೆ, "ತಲೆ ಇದ್ದೋರಿಗೆ ಈ ಪ್ರಶ್ನೆನೇ ಬರಲ್ಲ" ಎಂದಿದ್ದಳು. ಅವಳಿಗೆ ಪುಸ್ತಕ ಎಂಬ ಅಡ್ಡಹೆಸರು ಬಿದ್ದದ್ದು ಅಂದಿನಿಂದ. ಅದನ್ನು ಅವಳು ಹೊಗಳಿಕೆ ಎಂದೇ ಎತ್ತಿಟ್ಟುಕೊಂಡಿದ್ದಳು.

ಅವಳ ನೆನಪಿನ ಬಗೆಯೇ ಬೇರೆ. ಓದಿದ್ದು ಅರ್ಥವಾಗುವ ಮೊದಲೇ ಇಡೀ ಪುಟ ಕಣ್ಣಿಗೆ ಕಟ್ಟಿಬಿಡುತ್ತಿತ್ತು. ಯಾರಾದರೂ ಕೇಳಿದರೆ ಆ ಪುಟ ಎದ್ದು ಎದುರಿಗೆ ನಿಲ್ಲುತ್ತಿತ್ತು, ಅವಳು ನೋಡಿಕೊಂಡು ಓದುತ್ತಿದ್ದಳು, ಅಷ್ಟೇ. ಕಣ್ಣು ಚೆನ್ನಾಗಿರುವುದೇನೂ ಸಾಧನೆಯಲ್ಲ ಎಂದು ಅವಳಿಗೆ ಯಾವತ್ತೂ ಹೊಳೆದಿರಲಿಲ್ಲವೆಂದಲ್ಲ. ಹೊಳೆದಾಗ ಬೇಗ ಬೇರೇನನ್ನಾದರೂ ಯೋಚಿಸುತ್ತಿದ್ದಳು. ಓದಿ ಮುಗಿಸಿದ ಪುಸ್ತಕಗಳನ್ನು ಎಲ್ಲರೆದುರಿಗೇ ಕಿರಿಯರ ಕೈಗೆ ಕೊಟ್ಟುಬಿಡುತ್ತಿದ್ದಳು, ತಿಂದ ತಟ್ಟೆಯನ್ನು ಯಾರಾದರೂ ಇಟ್ಟುಕೊಳ್ಳುತ್ತಾರೆಯೇ ಎನ್ನುವ ಧಾಟಿಯಲ್ಲಿ. ಪುಟದ ತಳದಲ್ಲಿ ಸಣ್ಣಕ್ಷರದಲ್ಲಿರುವ ಟಿಪ್ಪಣಿಗಳನ್ನು ಮಾತ್ರ ಓದುತ್ತಿರಲಿಲ್ಲ. ಸಣ್ಣಕ್ಷರವೆಂದರೆ ಬರೆದವನಿಗೇ ಧೈರ್ಯ ಸಾಲದೆ ಪಿಸುಗುಟ್ಟಿದ ಮಾತು ಎಂದು ಅವಳ ತೀರ್ಮಾನ. ಈಚೀಚೆಗೆ, ಔಷಧಿಶಾಸ್ತ್ರ ಶುರುವಾದ ಮೇಲೆ, ಒಂದು ಪುಟದ ಹೆಸರು ಎದ್ದು ಇನ್ನೊಂದು ಪುಟಕ್ಕೆ ಹೋಗಿ ಕೂರುತ್ತಿತ್ತು. ಬೆಳಿಗ್ಗೆ ಹಲ್ಲುಜ್ಜುತ್ತ ನಿನ್ನೆಯ ಪಾಠವನ್ನು ಕರೆದರೆ ಅರ್ಧ ಪುಟವಷ್ಟೇ ಬರುತ್ತಿತ್ತು, ಉಳಿದರ್ಧ ಉಗಿ ಹಿಡಿದ ಕನ್ನಡಿ. ಈ ನೆನಪೊಂದು ಹೋದರೆ ತಾನು ಯಾರು? ಚೆಲುವೆಯಲ್ಲ, ಮಾತುಗಾರ್ತಿಯಲ್ಲ, ಯಾರ ಗೆಳತಿಯೂ ಅಲ್ಲ. ನೆನಪಿದೆ ಎಂದು ತಾನೇ ದೊಡ್ಡ ಡಾಕ್ಟರು ವಾರ್ಡಿನಲ್ಲಿ ತನ್ನನ್ನು ಮುಂದೆ ಕರೆಯುವುದು. ಬಾಯಿ ಮುಕ್ಕಳಿಸಿ ಹೊರಗೆ ಬಂದರೆ ಅಮ್ಮ ಕಾಫಿ ಬಗ್ಗಿಸುತ್ತ, "ನಿಮ್ಮಣ್ಣ ಅಂಗಡೀಲಿ ನಿಂಗೇಂತ ಒಂದು ತೆಗೆದಿಟ್ಟಿದಾನಂತಲ್ಲೇ, ಯಾವಾಗ ತಗೋತೀಯ?" ಎಂದು ಕೇಳುತ್ತಿದ್ದಳು. "ಮುಂದಿನ ವರ್ಷ" ಎನ್ನುತ್ತಿದ್ದಳು ಇವಳು. ಮುಂದಿನ ವರ್ಷ ಎಂಬುದು ಎಷ್ಟು ದೂರ ತಳ್ಳಿದರೂ ಮತ್ತೆ ಕಾಲಿಗೇ ತೊಡರುತ್ತಿತ್ತು.

ದೊಡ್ಡ ಡಾಕ್ಟರು ಬಂದರು. ಹಿಂದೆ ಹೌಸ್ ಸರ್ಜನ್, ಸದಾ ನೆಗಡಿಯಾದಂತೆ ಮಾತಾಡುವ ಸುಸ್ತಾದ ಹೆಂಗಸು. ಅವಳ ಹಿಂದೆ ಉಬ್ಬಿದ ಜೇಬುಗಳ ಹಿಂಡು. ಕಿಟಕಿ ಪಕ್ಕದ ಹಾಸಿಗೆಯ ಅಜ್ಜಿಯ ಕಾಲುಗಳು ಊದಿಕೊಂಡು ಹೊಳೆಯುತ್ತಿದ್ದವು. ಅವಳ ಕಾಯಿಲೆಯ ವಿವರ ಹೇಳುವ ಸರದಿ ಮಿಡತೆಯದು. ಉದ್ದ ಕೈಕಾಲಿನ ಆ ಹುಡುಗ ಎರಡು ಪದಕ್ಕೊಮ್ಮೆ "ಅದೂ... ಅಂದ್ರೆ..." ಎಂದು ಕುಪ್ಪಳಿಸುತ್ತಿದ್ದ, ಹೆಸರು ಸುಮ್ಮನೆ ಬಂದದ್ದಲ್ಲ. ಅವಳು ಅವನ ಮಾತನ್ನು ಕೇಳುತ್ತಿರಲಿಲ್ಲ, ಅವನ ಅಂದ್ರೆಗಳನ್ನು ಕೇಳುತ್ತಿದ್ದಳು. ಒಮ್ಮೆ ಇದೇ ವಾರ್ಡಿನಲ್ಲಿ, ಎಲ್ಲರ ನಡುವೆ, "ಡಬ್ಬಿ ಕಿತ್ಕೊಂಡ್ರೆ ನಿಂಗೆ ನಿಮ್ಮಪ್ಪನ ಹೆಸರೂ ನೆನಪಿರಲ್ಲ" ಎಂದಿದ್ದಳು. ಎಲ್ಲರೂ ನಕ್ಕಿದ್ದರು. ಅವನೂ ನಕ್ಕಿದ್ದ. ನಗುವಾಗ ಅವನ ಕಿವಿ ಕೆಂಪಾದದ್ದು ಆಮೇಲೆ ಬಸ್ಸಿನಲ್ಲಿ ಸುಮ್ಮಸುಮ್ಮನೆ ನೆನಪಾಗಿ, ಇಂಥವರ ಕಿವಿಯನ್ನೆಲ್ಲ ತಾನು ಯಾಕೆ ಹೊರಬೇಕು ಎಂದು ಸಿಟ್ಟು ಬಂದಿತ್ತು.

"ಈ ಅಜ್ಜಿಗೆ ಹೃದಯದ ಮಾತ್ರೆ ಶುರು ಮಾಡೋಣ. ಎಷ್ಟು ಕೊಡ್ಬೇಕು?" ಎಂದರು ದೊಡ್ಡ ಡಾಕ್ಟರು. ಕೈಗಳೆಲ್ಲ ಜೇಬಿಗೆ ಹೋದವು. "ತೆಗೀರಿ ಕೈ. ಏನು, ಬಸ್ಸಿಗೆ ಚಿಲ್ಲರೆ ಹುಡುಕ್ತಿದ್ದೀರಾ? ಎಲ್ಲಿ ನಮ್ಮ ಪುಸ್ತಕ?"

ಹಿಂಡು ಸೀಳಿಕೊಂಡು ಅವಳಿಗೆ ದಾರಿ ಬಿಟ್ಟಿತು. ದಿನವಿಡೀ ಅವಳು ಕಾಯುತ್ತಿದ್ದದ್ದು ಈ ಸೀಳುವಿಕೆಗೆ. ಕಣ್ಣೆದುರು ಪುಟ ಎದ್ದಿತು, ಎಡಗಡೆಯ ಪುಟ, ಮೂರನೆಯ ಪ್ಯಾರಾ. "ದಿನಕ್ಕೊಂದು ಪೂರ್ತಿ ಮಾತ್ರೆ ಸರ್, ಊಟ ಆದ್ಮೇಲೆ. ನಾಡಿ ಅರವತ್ತಕ್ಕಿಂತ ಕೆಳಗಿಳಿದ್ರೆ ಆವತ್ತು ಕೊಡೋ ಹಾಗಿಲ್ಲ." ಒಂದು ಕಡೆಯೂ ತಡವರಿಸಲಿಲ್ಲ. "ಭೇಷ್!" ಎಂದು ದೊಡ್ಡ ಡಾಕ್ಟರು ಹಿಂಡಿನ ಕಡೆ ಹುಬ್ಬು ಹಾರಿಸಿದರು. ಹೌಸ್ ಸರ್ಜನ್ ಪೆನ್ನು ತೆಗೆದಳು. ಅಜ್ಜಿ, ಅದೇನು ಮಾತೆಂದು ತಿಳಿಯದಿದ್ದರೂ, ಹೇಳಿದ ಠೀವಿಗೇ ಮನಸೋತು, "ಜಾಣೆ ಕಣಮ್ಮಾ ನೀನು, ಚೆನ್ನಾಗಿರು" ಎಂದಳು. ಆಗ ಮಿಡತೆಯ ಬಾಯಿ ಅಗಲವಾಗಿ ತೆರೆಯಿತು. ಅವಳು ನೋಡಿದ ಕೂಡಲೆ ಮುಚ್ಚಿಕೊಂಡಿತು. ಹೇಳುವುದಿದ್ದರೆ ಹೇಳಲಿ, ಹೇಳುವ ದಮ್ಮಿಲ್ಲದವನು ಬಾಯಿ ಯಾಕೆ ತೆರೆಯಬೇಕು, ಎಂದು ತಾತ್ಸಾರದಿಂದ ಮುಖ ತಿರುಗಿಸಿದಳು.

ಆದರೆ ಆ ತೆರೆದ ಬಾಯಿ ಅವಳ ಬೆನ್ನು ಬಿಡಲಿಲ್ಲ. ವಾರ್ಡು ಮುಗಿದು ಎಲ್ಲರೂ ಮೆಟ್ಟಿಲಿಳಿಯುವಾಗ, ಫಿನಾಯಿಲು ಹಾಕಿ ಒರೆಸಿದ ಒದ್ದೆ ನೆಲದ ಮೇಲೆ ಅವಳು ಒಬ್ಬಳೇ ಹಿಂದುಳಿದಳು. ಏನು ಹೇಳಹೊರಟಿದ್ದ? ಅವನು ಬೆಳಿಗ್ಗೆ ಒಪ್ಪಿಸಿದ ವಿವರವನ್ನು ನೆನಪಿಗೆ ಕರೆದಳು. ಬಂದದ್ದು ಬರೀ ಅಂದ್ರೆಗಳು. ಅಂದ್ರೆಗಳ ಸಂದಿಯಲ್ಲಿ ಏನೋ ಇತ್ತು. ಅದೂ... ಅಂದ್ರೆ... ಕಿಡ್ನಿ... ಅಂದ್ರೆ ಅರ್ಧಕ್ಕರ್ಧ ಕೆಲಸ ಬಿಟ್ಟಿದೆ ಸರ್. ಹೌದು, ಹಾಗಂದ. ಈಗ ಪುಟ ತಾನಾಗಿಯೇ ಎದ್ದು ನಿಂತಿತು, ಕರೆಯದೇನೇ. ಮೂರನೆಯ ಪ್ಯಾರಾದ ಪೂರ್ತಿ ಮಾತ್ರೆ ಇದ್ದಲ್ಲೇ ಇತ್ತು. ಅದರ ನೆತ್ತಿಯ ಮೇಲೊಂದು ನಕ್ಷತ್ರದ ಗುರುತಿತ್ತು. ಪುಟದ ತಳದಲ್ಲಿ ಇರುವೆಸಾಲಿನ ಹಾಗೆ ಸಣ್ಣಕ್ಷರಗಳು. ಬಗ್ಗಿ ಓದಹೋದಳು. ಓದದೇ ಬಿಟ್ಟದ್ದನ್ನು ಓದಲು ಯಾವ ನೆನಪಿನಲ್ಲೂ ಆಗುವುದಿಲ್ಲ. ಹೆಚ್ಚಾದರೆ ಹೃದಯವನ್ನು ನಡೆಸುವ ಆ ಮಾತ್ರೆಯೇ ಹೃದಯವನ್ನು ನಿಲ್ಲಿಸಿಬಿಡುತ್ತದೆ ಎಂಬುದು ಮಾತ್ರ ದೊಡ್ಡಕ್ಷರದಲ್ಲಿ, ಬಲಗಡೆಯ ಪುಟದಲ್ಲಿ, ಸ್ಪಷ್ಟವಾಗಿತ್ತು.

ವಾಪಸು ಹೋಗಿ ಹೌಸ್ ಸರ್ಜನ್‌ಗೆ, ನಾನು ಹೇಳಿದ್ದರಲ್ಲಿ ಅನುಮಾನವಿದೆ, ಎಂದರೆ ಮುಗಿಯಿತು. ಹತ್ತು ಹೆಜ್ಜೆಯೂ ಇಲ್ಲ. ಆದರೆ ಅನುಮಾನ ಎಂಬ ಮಾತನ್ನು ಅವಳು ಇಲ್ಲಿಯವರೆಗೆ ಬೇರೆಯವರ ಬಾಯಲ್ಲಷ್ಟೇ ಕೇಳಿದ್ದಳು. ಗ್ರಂಥಾಲಯಕ್ಕೆ ಹೋದಳು. ಗಾಜಿನ ಬಾಗಿಲಾಚೆ ಉದ್ದ ಮೇಜಿಗೆ ಅವಳ ತರಗತಿಯವರೇ ಕೂತಿದ್ದರು. ಒಳಗೆ ಹೋಗಿ, ಕಪಾಟಿನಿಂದ ಆ ದಪ್ಪ ಸಂಪುಟ ಇಳಿಸಿದರೆ, ಬನ್ರೋ ಬನ್ರೋ, ಪುಸ್ತಕ ಪುಸ್ತಕ ನೋಡ್ತಿದೆ, ಎಂದು ಯಾರಾದರೂ ಅಂದೇ ಅನ್ನುತ್ತಾರೆ. ಆ ನಗೆಯನ್ನು ಅವಳು ಬಾಗಿಲಾಚೆಯೇ ಕೇಳಿ ಮುಗಿಸಿದಳು. ತನ್ನದೇ ಪ್ರತಿಯನ್ನು ದಾನ ಕೊಟ್ಟಾಗಿತ್ತು. ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟು, ತೆಗೆದು, ಹೊರಗೆ ನಡೆದಳು. ಅಜ್ಜಿಗೆ ಮಧ್ಯಾಹ್ನದ ಊಟ ಇನ್ನೂ ಬಂದಿರಲಾರದು. ಬಂದಿದ್ದರೆ? ಒಂದು ಮಾತ್ರೆಗೆ ಏನೂ ಆಗುವುದಿಲ್ಲ. ಆಗಿಬಿಟ್ಟರೆ? ನಾಚಿಕೆಯಾಯಿತು, ತನ್ನ ಮರ್ಯಾದೆಯನ್ನೂ ಮುದುಕಿಯ ಹೃದಯವನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದೇನಲ್ಲ ಎಂದು. ಆದರೂ ತೂಗುವುದು ನಿಲ್ಲಲಿಲ್ಲ. ತನ್ನನ್ನು ಯಾರೂ ಪುಸ್ತಕವೆಂದು ಕರೆಯದ ಜಾಗದಲ್ಲಿ, ಅಣ್ಣನ ಅಂಗಡಿಯಲ್ಲಿ, ಒಂದು ಡಬ್ಬಿ ಇದೆ ಎಂದು ನೆನಪಾದದ್ದು ಆಗ.

ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಅಣ್ಣನನ್ನು ನೆನೆಸಿಕೊಂಡಳು, ಹೋಗುವ ಮುಂಚೆ ಮನಸ್ಸನ್ನು ಗಟ್ಟಿ ಮಾಡಿಕೊಳ್ಳುವ ಹಾಗೆ. ಇಬ್ಬರೂ ಒಂದೇ ಮೇಜಿನ ಎರಡು ಬದಿಗೆ ಕೂತು ಓದಿದವರು. ಅವನು ಒಂದೇ ಸಾಲನ್ನು ಮತ್ತೆ ಮತ್ತೆ ಗಟ್ಟಿಯಾಗಿ ಓದುತ್ತಿದ್ದ, ಇವಳು ತಲೆಯೆತ್ತದೆ ಅವನ ಮುಂದಿನ ಸಾಲನ್ನು ಹೇಳಿಬಿಡುತ್ತಿದ್ದಳು. ಅವನಿಗೆ ಸಿಟ್ಟೇ ಬರುತ್ತಿರಲಿಲ್ಲ. "ಅಮ್ಮಾ, ಪುಟ್ಟಿಗೆ ನನ್ನ ಪಾಠಾನೂ ಬರುತ್ತೆ!" ಎಂದು ಅಡುಗೆಮನೆಗೆ ಓಡಿ ಹೋಗಿ ಹೇಳುತ್ತಿದ್ದ, ತಾನೇ ಏನೋ ಗೆದ್ದ ಹಾಗೆ. ಆಮೇಲೆ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದ. ತಂಗಿ ಗೆದ್ದರೆ ತಾನು ಹಿಗ್ಗುವ ಅಂಥ ಸಂತೋಷವನ್ನು ಕಂಡರೆ ಇವಳಿಗೆ ಮೈ ಉರಿಯುತ್ತಿತ್ತು. ಸೋತವರಿಗೆ ಸೋತೆನೆಂಬ ಕಿಚ್ಚಾದರೂ ಇರಬೇಡವೇ? ಈಗ ಅಂಗಡಿಯವರು ಕೊಟ್ಟ ನೀಲಿ ಟೈ ಕಟ್ಟಿಕೊಂಡು, ಬಂದವರಿಗೆಲ್ಲ ನಿಂತು ಡಬ್ಬಿ ತೋರಿಸುತ್ತಾನೆ. ನಿಲ್ದಾಣ ದಾಟಿ ಹೋದದ್ದು ತಿಳಿಯದೆ ಮುಂದಿನದರಲ್ಲಿ ಇಳಿದು, ಬಿಸಿಲಲ್ಲಿ ಹಿಂದಕ್ಕೆ ನಡೆದಳು.

ಅಂಗಡಿಯಲ್ಲಿ ಅಣ್ಣ ಗಾಜಿನ ಪೆಟ್ಟಿಗೆಯ ಹಿಂದೆ ನಿಂತು ಒಬ್ಬ ತಾಯಿಗೂ ಮಗಳಿಗೂ ಏನೋ ವಿವರಿಸುತ್ತಿದ್ದ. ಇವಳನ್ನು ಕಂಡದ್ದೇ ಮುಖ ಅರಳಿತು. "ಪುಟ್ಟೀ! ಏನೇ ಈ ಹೊತ್ನಲ್ಲಿ? ಊಟ ಆಯ್ತಾ?"

"ಅದಿರ್ಲಿ. ನಂಗೇಂತ ಇಟ್ಟಿದೀಯಲ್ಲ, ಅದನ್ನ ತೆಗಿ. ಒಂದು ನಿಮಿಷ ನೋಡ್ಬೇಕು."

"ತಗೋತೀಯಾ?"

"ನೋಡ್ಬೇಕು ಅಂದೆ. ವಾರ್ಡಲ್ಲಿ ಒಬ್ಬ ಹುಡುಗ ಔಷಧಿ ಪ್ರಮಾಣ ತಪ್ಪು ಹೇಳಿದಾನೆ. ನಂಗೆ ಗೊತ್ತು ತಪ್ಪೂಂತ. ಆದ್ರೂ ಒಂದ್ಸಲ ನೋಡ್ಕೊಂಡು ಫೋನ್ ಮಾಡೋಣಾಂತ."

ಸುಳ್ಳು ಎಷ್ಟು ಸರಾಗವಾಗಿ ಬಂತೆಂದರೆ ಅವಳಿಗೇ ಸೋಜಿಗವಾಯಿತು. ಅಣ್ಣ ತಾಯಿಮಗಳಿಗೆ "ಒಂದ್ನಿಮಿಷ ಮೇಡಂ, ನನ್ನ ತಂಗಿ, ಡಾಕ್ಟರಾಗ್ತಾಳೆ" ಎಂದು ಹೇಳಿ, ಕೆಳಗಿನ ಖಾನೆ ಎಳೆದು, ಹಳದಿ ಬಟ್ಟೆಯಲ್ಲಿ ಸುತ್ತಿದ್ದ ಡಬ್ಬಿಯನ್ನು ತೆಗೆದ. "ವಾರವಾರ ಚಾರ್ಜ್ ಮಾಡಿ ಇಡ್ತೀನಿ. ಬ್ಯಾಟರಿ ಸತ್ತೋಗ್ಬಾರ್ದಲ್ಲ. ಔಷಧಿ ಪುಸ್ತಕಾನೂ ಹಾಕಿದೀನಿ ಒಳಗೆ." ಡಬ್ಬಿಯ ಗಾಜಿನ ಮೇಲೆ ಒಂದು ಬೆರಳ ಗುರುತೂ ಇರಲಿಲ್ಲ. ಪರದೆಯ ಮೇಲೆ ಒತ್ತುವ ಅದರ ಪುಟ್ಟ ಕಡ್ಡಿಯನ್ನು ಹಿಡಿಯಲು ಬಾರದೆ ಅವಳ ಕೈಯಿಂದ ಅದು ಜಾರಿ ಬಿತ್ತು, ಅಣ್ಣ ಎತ್ತಿಕೊಟ್ಟ. ಅಕ್ಷರ ಅಕ್ಷರವಾಗಿ ಹೆಸರು ಒತ್ತಿದಳು. ಪರದೆಯ ಮೇಲೆ ಸಣ್ಣಕ್ಷರವೂ ದೊಡ್ಡಕ್ಷರವೂ ಒಂದೇ ಗಾತ್ರದಲ್ಲಿ ಬಂದವು. ವಯಸ್ಸಾದವರಿಗೆ, ಕಿಡ್ನಿ ಸೋತವರಿಗೆ, ಕಾಲು ಮಾತ್ರೆ. ಅದನ್ನೂ ರಕ್ತ ಪರೀಕ್ಷೆ ಮಾಡಿಕೊಂಡು. ಕಾಲು ಮಾತ್ರೆ. ಅವಳು ಇಡೀ ಮಾತ್ರೆ ಹೇಳಿ ಭೇಷ್ ಅನ್ನಿಸಿಕೊಂಡು ಬಂದಿದ್ದಳು. ಅಜ್ಜಿ ಹರಸಿದ್ದಳು. ಅಣ್ಣ ಬಗ್ಗಿ ನೋಡಿದನೆಂದು ಪರದೆಯನ್ನು ಅಂಗೈಯಿಂದ ಮುಚ್ಚಿದಳು.

"ಮಾಡು ಮಾಡು, ಬೇಗ ಮಾಡು" ಎಂದು ಅಣ್ಣ ಅಂಗಡಿಯ ಫೋನನ್ನು ಇವಳ ಕಡೆಗೆ ಸರಿಸಿದ. ಎಲ್ಲರೂ ಕೇಳಿಸಿಕೊಳ್ಳುವ ಜಾಗ. ಫೋನು ಅತ್ತ ಬಡಿದುಕೊಳ್ಳುತ್ತಿರುವಾಗ ಅವಳು ಮಾತು ಕಟ್ಟಿಕೊಂಡಳು. ಇನ್ನು ನಾಳೆ ವಾರ್ಡಿನಲ್ಲಿ ಹಿಂಡು ಸೀಳುವುದಿಲ್ಲ. ಆಗಲಿ. ಮುದುಕಿ ಬದುಕಲಿ. ಇಷ್ಟು ದೊಡ್ಡದನ್ನು ಬಿಟ್ಟುಕೊಡುತ್ತಿದ್ದೇನಲ್ಲ ಎಂದು ಆ ಭಯದ ನಡುವೆಯೂ ತನ್ನ ಬಗ್ಗೆ ಒಂದು ಬಗೆಯ ಮೆಚ್ಚುಗೆ ಹುಟ್ಟಿತು. ಫೋನು ಎತ್ತಿದ್ದು ಹೌಸ್ ಸರ್ಜನ್.

"ಮೇಡಂ, ಕಿಟಕಿ ಪಕ್ಕದ ಅಜ್ಜಿಗೆ ಪೂರ್ತಿ ಮಾತ್ರೆ ಕೊಡ್ಬಾರ್ದು. ಕಿಡ್ನಿ ಸರಿ ಇಲ್ಲ. ಕಾಲು ಮಾತ್ರೆ. ಕೊಟ್ಬಿಟ್ರಾ?"

"ಯಾರು, ಪುಸ್ತಕಾನಾ? ಕಾಲೇ ಬರೆದಿದೀನಲ್ಲ ಬೆಳಿಗ್ಗೇನೇ."

"ಬೆಳಿಗ್ಗೆ... ಅಲ್ಲಿ ಹೇಳಿದ್ದು ಪೂರ್ತಿ ಅಂತ."

ಅತ್ತ ಮೂಗು ಸೀಟಿದ ಸದ್ದು. "ನೀವು ಹೇಳಿದ್ದನ್ನ ಯಾರಮ್ಮಾ ಬರೀತಾರೆ? ಬೇಜಾರು ಮಾಡ್ಕೋಬೇಡಿ ಮತ್ತೆ. ದೊಡ್ಡೋರು ಮೊದಲ್ನೇ ವಾರಾನೇ ಹೇಳಿದಾರೆ, ಆ ಹುಡುಗಿ ಹೇಳ್ಲಿ ಬಿಡಿ, ಕೇಳೋಕೆ ಚೆನ್ನಾಗಿರುತ್ತೆ, ಉಳಿದೋರ ಸೋಮಾರಿತನಾನೂ ಬಿಡುತ್ತೆ, ಆದ್ರೆ ನೀವು ಡಬ್ಬಿ ನೋಡೇ ಬರ್ಕೊಳ್ಳಿ ಅಂತ. ಅವ್ರ ಡ್ರಾಯರಲ್ಲೇ ಒಂದಿದೆಯಲ್ಲ! ಎಲ್ರಿಗೂ ಗೊತ್ತು. ನಿಮಗೂ ಗೊತ್ತು ಅಂದ್ಕೊಂಡಿದ್ದೆ. ಇಡ್ಲಾ? ಊಟ ಬಂತು."

ಅತ್ತ ಫೋನು ಇಟ್ಟ ಮೇಲೂ ಅವಳು ಇತ್ತ ರಿಸೀವರನ್ನು ಕಿವಿಗೆ ಒತ್ತಿಕೊಂಡೇ ಇದ್ದಳು. ಮುದುಕಿಗೆ ಏನೂ ಆಗಿರಲಿಲ್ಲ, ಆಗುತ್ತಲೂ ಇರಲಿಲ್ಲ. ಇವಳ ಮಾತಿನಿಂದ ಒಂದು ಇರುವೆಯೂ ಸಾಯುವಂತಿರಲಿಲ್ಲ, ಬದುಕುವಂತೆಯೂ ಇರಲಿಲ್ಲ. ಮಿಡತೆ ಹೆದರಿ ಬಾಯಿ ಮುಚ್ಚಿಕೊಂಡವನಲ್ಲ. ಆಕಳಿಸಲು ತೆರೆದಿದ್ದ, ಅಷ್ಟೇ. ಹಿಂಡು ಸೀಳಿಕೊಂಡು ದಾರಿ ಬಿಡುತ್ತಿದ್ದದ್ದು ಮೆರವಣಿಗೆಯ ಬ್ಯಾಂಡಿನವರಿಗೆ ಬಿಡುವ ಹಾಗೆ. ಇವರನ್ನೆಲ್ಲ ಮೇಲಿನಿಂದ ನೋಡುತ್ತಿದ್ದೇನೆಂದು ಇಷ್ಟು ದಿನ ಕತ್ತು ನೋಯಿಸಿಕೊಂಡಿದ್ದಳಲ್ಲ, ಅವರು ಇವಳ ಕಡೆ ಸರಿಯಾಗಿ ನೋಡಿಯೇ ಇರಲಿಲ್ಲ. ಅಸಹ್ಯವಾಯಿತು. ಯಾರ ಮೇಲೆಂದು ಗೊತ್ತಾಗಲಿಲ್ಲ. ಎಂದಿನಂತೆ ಅವರ ಮೇಲೆ ಹಾಕಲು ನೋಡಿದಳು, ಅಂಟಲಿಲ್ಲ.

"ಏನಂದ್ರೇ?" ಅಣ್ಣ ಕಣ್ಣರಳಿಸಿಕೊಂಡು ಕಾಯುತ್ತಿದ್ದ.

"ಇನ್ನೂ ಕೊಟ್ಟಿರ್ಲಿಲ್ಲ. ಸರಿಯಾದ ಹೊತ್ತಿಗೆ ಹೇಳಿದ್ರಿ ಅಂದ್ರು."

"ನೋಡಿದ್ರಾ ಮೇಡಂ!" ಅಣ್ಣ ತಾಯಿಮಗಳ ಕಡೆ ತಿರುಗಿದ. ಅವನ ಟೈ ಕೂಡ ಹಿಗ್ಗಿದಂತಿತ್ತು. "ಡಬ್ಬಿ ಇಟ್ಕೊಂಡೋರೇ ತಪ್ಪು ಮಾಡ್ತಾರೆ. ಇವಳಿಗೆ ಎಲ್ಲ ಬಾಯಲ್ಲೇ. ಈವತ್ತು ಒಂದು ಜೀವ ಉಳಿಸಿದ್ಲು." ಇಡೀ ಊರಿನಲ್ಲಿ ತನ್ನನ್ನು ನಂಬಿದವನು ಇವನೊಬ್ಬನೇ ಎಂದು ಅವಳಿಗೆ ಆಗ ತಿಳಿಯಿತು. ತಾನು ಎಲ್ಲರಿಗಿಂತ ಹೆಚ್ಚು ಕೀಳಾಗಿ ಕಂಡವನೂ ಇವನೇ. ನಂಬಿದ್ದಕ್ಕೇ ಕೀಳಾಗಿ ಕಂಡಿದ್ದಳೇನೋ.

ತಾಯಿ ಗೌರವದಿಂದ ಇವಳ ಹತ್ತಿರ ಸರಿದಳು. "ನೀವೇ ಹೇಳ್ಬೇಕಮ್ಮ. ಇವಳಿಗೆ ಮೆಡಿಕಲ್ ಸೀಟು ಸಿಕ್ಕಿದೆ, ಮೊದಲ್ನೇ ವರ್ಷ. ಈಗ್ಲೇ ತಗೊಳ್ಳೋದಾ, ವಾರ್ಡಿಗೆ ಹೋಗೋವಾಗ ತಗೊಳ್ಳೋದಾ? ಒಬ್ಬೊಬ್ರು ಒಂದೊಂದು ಹೇಳ್ತಾರೆ." ಮಗಳು ಏನೂ ಕೇಳಲಿಲ್ಲ, ಇವಳನ್ನೇ ನೆಟ್ಟ ಕಣ್ಣಿಂದ ನೋಡುತ್ತಿದ್ದಳು; ಪುಟ ಪುಟವನ್ನೇ ನುಂಗುವಂಥ ಕಣ್ಣು. ಈಗಲೇ ತಗೋ ಮಾರಾಯ್ತಿ, ಸಣ್ಣಕ್ಷರವನ್ನೂ ಓದು, ಪಕ್ಕದವನ ಅಂದ್ರೆಗಳ ನಡುವೆ ಏನಿದೆಯೆಂದು ಕೇಳಿಸಿಕೋ, ಎಂದು ಹೇಳಬೇಕೆಂದು ಅವಳಿಗೆ ಅನ್ನಿಸಿತು. ನಿಜವಾಗಿಯೂ ಅನ್ನಿಸಿತು. ಹುಡುಗಿ ಕೇಳಿದಳು, "ಅಕ್ಕಾ, ನೀವು ತಗೊಂಡೇ ಇಲ್ವಾ?"

"ಇಲ್ಲ" ಎಂದಳು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಬಾಯಿ ತನ್ನ ರೂಢಿಯ ಠೀವಿ ಹಿಡಿದು ಮುಂದೆ ಹೋಯಿತು. "ತಲೆ ಇದ್ದೋರಿಗೆ ಯಾವಾಗ್ಲೂ ಬೇಕಾಗಲ್ಲ."

ಹುಡುಗಿಯ ಮುಖ ಬೆಳಗಿತು. "ನಂಗೂ ಬೇಡಮ್ಮ" ಎಂದಳು. ತಾಯಿಗೆ ಹೆಮ್ಮೆಯೂ ಆಯಿತು, ನಿರಾಳವೂ ಆಯಿತು. ಇಬ್ಬರೂ ಇವಳಿಗೆ ಥ್ಯಾಂಕ್ಸ್ ಹೇಳಿ, ಬಾಗಿಲು ತಳ್ಳಿಕೊಂಡು ಬಿಸಿಲಿಗೆ ಹೋದರು. ಅವಳು ಅವರನ್ನು ಕೂಗಿ ಕರೆಯಲಿಲ್ಲ.

ಅಣ್ಣ ಡಬ್ಬಿಯನ್ನು ಒರೆಸಿ ಮತ್ತೆ ಹಳದಿ ಬಟ್ಟೆಯಲ್ಲಿ ಸುತ್ತತೊಡಗಿದ. "ನಂಗೇ ತಿಳೀಲಿಲ್ಲ ನೋಡು. ನಿಂಗೆ ಇದ್ಯಾಕೆ ಬೇಕು? ಸುಮ್ನೆ ಹಿಡಿದಿಟ್ಕೊಂಡಿದ್ದೆ. ನಾಳೆ ಯಾರಿಗಾದ್ರೂ ಕೊಟ್ಬಿಡ್ತೀನಿ."

"ಕೊಡು ಇತ್ಲಾಗೆ" ಎಂದಳು.

"ಯಾಕೇ?"

"ತಗೋತೀನಿ. ಈಗ್ಲೇ. ಅಮ್ಮಂಗೆ ಹೇಳ್ಬೇಡ."

ಅಣ್ಣ ಸುತ್ತುವುದನ್ನು ನಿಲ್ಲಿಸಿ ಅವಳ ಮುಖ ನೋಡಿದ. ಈಗ ಗೊತ್ತಾಗುತ್ತದೆ, ಗೊತ್ತಾಗಲಿ, ಒಬ್ಬನಿಗಾದರೂ ಗೊತ್ತಾಗಲಿ ಎಂದು ಅವಳು ಮುಖ ತಿರುಗಿಸದೆ ನಿಂತಳು. ಅವನ ಮುಖ ಮೆಲ್ಲಗೆ ಮೆತ್ತಗಾಯಿತು. "ಅಯ್ಯೋ ಪುಟ್ಟಿ. ನನ್ನ ವ್ಯಾಪಾರ ಕೆಡಿಸ್ದೆ ಅಂತ ತಗೋತಿದೀಯಾ? ನಂಗೋಸ್ಕರ ತಗೋಬೇಡ ಕಣೆ. ಮಾಲೀಕರಿಗೆ ನಾನು ಏನಾದ್ರೂ ಹೇಳ್ಕೋತೀನಿ."

ಇಲ್ಲ ಎನ್ನಲು ಬೇಕಾದ ಮಾತೆಲ್ಲ ಅವಳ ನಾಲಿಗೆಯ ಮೇಲಿತ್ತು.

"ಇರ್ಲಿ ಕೊಡು" ಎಂದಳು. "ನಿಂಗೋಸ್ಕರ ಇಷ್ಟೂ ಮಾಡ್ಬಾರ್ದಾ?"

ಅವನು ನಂಬಿದ. ಟೈಯ ತುದಿಯಿಂದ ಕಣ್ಣು ಒರೆಸಿಕೊಂಡು, ಕಡ್ಡಿಯನ್ನು ಹೇಗೆ ಹಿಡಿಯಬೇಕೆಂದು ತೋರಿಸಿಕೊಡಲು ಗಾಜಿನ ಪೆಟ್ಟಿಗೆಯನ್ನು ಸುತ್ತಿಕೊಂಡು ಅವಳ ಪಕ್ಕಕ್ಕೆ ಬಂದು ನಿಂತ.